ಮಾವನ ಪಾಲಿನ ಕೀಲಿಮಣೆ

ಮಸ್ಕಿಯಲ್ಲಿ ಮೊಟ್ಟಮೊದಲು ಮನೆಗೆ ಕಂಪ್ಯೂಟರ್ ತಂದವನು ತಾನೇ ಎಂದು ನನ್ನ ಸೋದರಮಾವ ಇಂದಿಗೂ ಹೇಳಿಕೊಳ್ಳುತ್ತಾನೆ. ಸುಳ್ಳು! ಅವನು ತಂದದ್ದು ಬರೀ ಕೀಲಿಮಣೆ.

ಮಾವನದು ಬೀಜದಂಗಡಿ. ಸಿಂಧನೂರು ಹತ್ತಿರ ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಭತ್ತದ ಬೀಜಕ್ಕೆಂದು ಬಂದ ರೈತನೊಬ್ಬ ಗೆಳೆಯನಾದ. ಮಾವ ಅವನನ್ನು ಬಂಗಾಳಿಯಲ್ಲೇ ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದ. ಇಬ್ಬರೂ ಸೇರಿ ಆಟವಾಡಲೆಂದು ಹಳೆಯ ಕಂಪ್ಯೂಟರೊಂದನ್ನು ಕೊಂಡರು. ಯಾರ ಮನೆಯಲ್ಲಿಡಬೇಕೆಂದು ಜಗಳವಾಯಿತು. ಕೊನೆಗೆ ಡಬ್ಬಿ, ಪರದೆ ದಾದಾನ ಪಾಲಿಗೆ. ಕೀಲಿಮಣೆ ಮಾವನ ಪಾಲಿಗೆ. ಒಬ್ಬನೇ ಆಡುವ ಮಾತೇ ಇಲ್ಲ!

ಪ್ರತಿ ಭಾನುವಾರ ಮಾವ ಕೀಲಿಮಣೆಯನ್ನು ಬಗಲಲ್ಲಿಟ್ಟುಕೊಂಡು ದಾದಾನ ಮನೆಗೆ ಬಸ್ ಹತ್ತುತ್ತಿದ್ದ.

"ಏನ್ರೀ ಅದು, ಹಾರ್ಮೋನಿಯಮ್ಮಾ?" ಎಂದ ಒಬ್ಬ ಕಂಡಕ್ಟರ್.

"ಹೌದ್ರೀ, ಭಜನಿಗೆ ಹೊಂಟೀನಿ."

ಹೋದ ಮಳೆಗಾಲದಲ್ಲಿ ದಾದಾ ಎದೆನೋವೆಂದು ಮಲಗಿದವನು ಏಳಲಿಲ್ಲ. ಮಾವನಿಗೆ ಭಾನುವಾರ ಬಂದರೆ ಏನು ಮಾಡಬೇಕೆಂದೇ ತಿಳಿಯದಾಯಿತು.

ಬೇಸಿಗೆಯಲ್ಲಿ ದಾದಾನ ಹೆಂಡತಿ ಆಟೋದಲ್ಲಿ ಡಬ್ಬಿ, ಪರದೆ ಹೊತ್ತು ತಂದಳು. "ನೀವಾ ಇಟ್ಕೋರಿ ಅಣ್ಣ. ಮನ್ಯಾಗ ಇದನ್ನ ನೋಡಿದ್ರ ನನಗ ತಡಕೊಳ್ಳಾಕ ಆಗವಲ್ದು."

ಹಚ್ಚಿದರೆ ಕಂಪ್ಯೂಟರ್ ಏಳಲೇ ಇಲ್ಲ. ಬಿಚ್ಚಿ ನೋಡಿದರೆ, ಅದರ ನೆನಪು ಕಾಯುವ ಬೆರಳುದ್ದದ ಬ್ಯಾಟರಿ ಸೋರಿ ಹಸಿರುಗಟ್ಟಿತ್ತು. ತನ್ನೊಳಗೆ ಆಟವಿರುವ ಡಿಸ್ಕ್ ಇದೆಯೆಂಬುದೇ ಕಂಪ್ಯೂಟರಿಗೆ ಮರೆತುಹೋಗಿತ್ತು.

"ಇದನ್ನೂ ಸಾಯಾಕ ಬಿಡಂಗಿಲ್ಲ," ಎಂದು ಮಾವ ನನ್ನನ್ನು ಎಳೆದುಕೊಂಡು ಲಿಂಗಸುಗೂರಿಗೆ ಹೊರಟ.

"ಯಾವ ಗಾಡಿಗ್ರೀ ಬ್ಯಾಟರಿ?" ಎಂದ ಬ್ಯಾಟರಿ ಅಂಗಡಿಯವನು.

"ಕಂಪ್ಯೂಟರಿಗೆ. ಮೂವತ್ತು ವರ್ಷದ್ದು."

"ಮೈಲೇಜ್ ಹೆಂಗ ಕೊಡ್ತೈತ್ರೀ?"

ಮಾವ ಅವನನ್ನು ಹೊಡೆಯದೆ ಬಂದದ್ದೇ ನನ್ನ ಪುಣ್ಯ! ಕಡೆಗೆ ಟಿವಿ ರಿಪೇರಿಯವನೊಬ್ಬ ಹಳೆಯದನ್ನು ಕಿತ್ತು, ಹಸಿರು ತೊಳೆದು, ಹೊಸ ಬ್ಯಾಟರಿ ಬೆಸೆದುಕೊಟ್ಟ.

ಮನೆಯಲ್ಲಿ ಡಿಸ್ಕಿನ ವಿವರವನ್ನು ಮತ್ತೆ ತುಂಬಿದೆವು. ಅವರಿಬ್ಬರ ಆಟ ಪರದೆಗೆ ಬಂತು. ಉರುಳಿ ಬರುವ ಬಂಡೆಗಳನ್ನು ಪುಟ್ಟ ಮನುಷ್ಯನೊಬ್ಬ ಹಾರಿ ದಾಟುವ ಆಟ. ಆಡುವವರು ಎಷ್ಟು ಜನ ಎಂದು ಕೇಳಿತು. ಮಾವ ಎರಡು ಒತ್ತಿದ.

ತನ್ನ ಸರದಿಯಲ್ಲಿ ಎಂದಿನಂತೆ ಬೈದಾಡುತ್ತ ಆಡಿ, ಆಟದಲ್ಲಿ ಬಂಡೆಗೆ ಸಿಕ್ಕಿ ಸತ್ತ. ನಾನು ನಗುತ್ತಾ ಮುಂದೆ ಬಂದೆ. "ಸರಿ ಮಾವ, ಈಗ ನಾ ಆಡ್ತೀನಿ."

"ಬ್ಯಾಡ ಬೇ. ಅವನ ಪಾಳಿ."

ಕುರ್ಚಿ ಬಿಟ್ಟು ಎದ್ದು, ಪಕ್ಕಕ್ಕೆ ಸರಿದು ನಿಂತ. ಪರದೆಯ ಮೇಲೆ ಪುಟ್ಟ ಮನುಷ್ಯ ಅಲ್ಲಾಡದೆ ನಿಂತಿದ್ದ. ಬಂಡೆ ಉರುಳಿ ಬರುತ್ತಿತ್ತು.

"ಹಾರಲೇ ದಾದಾ," ಎಂದ ಮಾವ, ಸಣ್ಣ ದನಿಯಲ್ಲಿ. "ಹಾರಲೇ..."