ಹೊಲಿದ ಮೂಟೆ ಬಿಚ್ಚುವ ಕ್ರಮ ಇಲ್ಲ

ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ರೋಗಿಗಳೇ ಆಗಿರುತ್ತಾರೆ ಎಂಬ ಗಂಭೀರ ಸಂಗತಿಯನ್ನು ಪಂಜದ ಸುಜೀವನ ಸಹಕಾರಿ ಆಸ್ಪತ್ರೆಯ ಆಡಳಿತ ಮಂಡಳಿಯು ತನ್ನ ವಾರ್ಷಿಕ ಮಹಾಸಭೆಯಲ್ಲಿ ಸರ್ವಾನುಮತದಿಂದ ಗಮನಿಸಿತು. ಇದು ಹೀಗೆಯೇ ಮುಂದುವರಿದರೆ ಸಂಸ್ಥೆಯ ಹೆಸರು ಕೆಡುತ್ತದೆ ಎಂದು ನಿರ್ದೇಶಕರೊಬ್ಬರು ಕಳವಳ ವ್ಯಕ್ತಪಡಿಸಿದರು. ಇನ್ನೊಬ್ಬರು ಎದ್ದು ನಿಂತು, ಬರುವ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಜನರು ತಾವೇ ತಂದುಕೊಂಡದ್ದು, ತಿಂದದ್ದು, ಕುಡಿದದ್ದು, ಸೇದಿದ್ದು, ಅದಕ್ಕೆ ಸಂಘ ಯಾಕೆ ಹೊಣೆ ಎಂದು ಕೇಳಿದರು. ಚಪ್ಪಾಳೆ ಬಿತ್ತು. ಶರೀರವನ್ನು ಚೆನ್ನಾಗಿ ಇಟ್ಟುಕೊಂಡವರಿಗೆ ಮೊದಲು ಚಿಕಿತ್ಸೆ, ಕೆಡಿಸಿಕೊಂಡವರಿಗೆ ಆಮೇಲೆ, ಪೂರ್ತಿ ಕೆಡಿಸಿಕೊಂಡವರಿಗೆ ಪುರುಸೊತ್ತಾದರೆ, ಎಂದು ನಿರ್ಣಯವಾಯಿತು.

ಉಳಿದದ್ದು ಒಂದೇ ತೊಡಕು. ಯಾರು ಹೇಗೆ ಇಟ್ಟುಕೊಂಡಿದ್ದಾರೆ ಎಂದು ತೀರ್ಮಾನಿಸುವುದು ಹೇಗೆ? ಮಂಡಳಿಯ ನಿರ್ದೇಶಕರೆಲ್ಲ ಕಸುಬಿನಿಂದ ಅಡಿಕೆ ವ್ಯಾಪಾರಿಗಳು. ಆದ್ದರಿಂದ ಉತ್ತರ ಹುಡುಕಲು ಅವರು ದೂರ ಹೋಗಬೇಕಾಗಲಿಲ್ಲ.

"ಇದಕ್ಕೆ ಎಂತ ಇಷ್ಟು ತಲೆಬಿಸಿ ಮಾರಾಯ್ರೆ?" ಎಂದರು ಅಧ್ಯಕ್ಷ ಸಂಕಪ್ಪನವರು. "ಗಾರ್ಬಲ್ ಮಾಡಿದ್ರೆ ಆಯ್ತಲ್ಲ."

ಗಾರ್ಬಲ್ ಎಂದರೆ ಅಂಗಡಿಗೆ ಬಂದ ಅಡಿಕೆಯನ್ನು ನೆಲಕ್ಕೆ ಸುರಿದು, ಒಳ್ಳೆಯದು ಒಂದು ಕಡೆ, ಒಡೆದದ್ದು ಒಂದು ಕಡೆ, ಕರ್ರಗಾದದ್ದು ಮೂಲೆಗೆ ಎಂದು ವಿಂಗಡಿಸುವ ಕೆಲಸ. ಸಂಕಪ್ಪನವರ ಅಂಗಡಿಯಲ್ಲಿ ಈ ಕೆಲಸವನ್ನು ಮೂವತ್ತು ವರ್ಷಗಳಿಂದ ಅಚ್ಚುತ ಮಾಡುತ್ತಿದ್ದ. ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಪಂಚೆ ಎತ್ತಿಕಟ್ಟಿ ಅಂಗಡಿಗೆ ಹೋದಾಗ ಧನಿಗಳು ಅವನನ್ನು ಜೀಪು ಹತ್ತಿಸಿ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಅವನಿಗೊಂದು ಕುರ್ಚಿ, ಒಂದು ಟಾರ್ಚು ಮತ್ತು 'ಮುಖ್ಯ ದರ್ಜೆ ನಿರ್ಣಯಾಧಿಕಾರಿ' ಎಂಬ ಫಲಕ ಕಾದಿದ್ದವು.

ಆಸ್ಪತ್ರೆಯ ಡಾಕ್ಟರ್ ಭವಿತಾ ವಯಸ್ಸಿನಲ್ಲಿ ಚಿಕ್ಕವರು. ಹಾಗಾಗಿ ಪ್ರಶ್ನೆ ಕೇಳುವ ಚಾಳಿ ಇನ್ನೂ ಹೋಗಿರಲಿಲ್ಲ. "ಇವರು ಮೆಡಿಕಲ್ ಓದಿದವರಲ್ಲವಲ್ಲ ಸರ್" ಎಂದರು.

"ಅಡಿಕೆಗೆ ಕಾಲೇಜು ಎಲ್ಲಿ ಉಂಟು ಡಾಕ್ಟ್ರೆ?" ಎಂದರು ಸಂಕಪ್ಪನವರು. "ಒಳಗೆ ಹುಳ ಉಂಟಾ ಇಲ್ವಾ ಅಂತ ಹೊರಗಿಂದ ನೋಡಿ ಹೇಳುವವ ಅವ. ನಿಮಗೆ ಅದನ್ನು ಹೇಳ್ಲಿಕ್ಕೆ ಸ್ಕ್ಯಾನಿಂಗ್ ಬೇಕು."

ಅದೇ ಸಂಜೆ ಗೇಟಿನಲ್ಲಿ ಪ್ರಕಟಣೆ ಬಿತ್ತು.

"ಸಂಘದ ಮಾನ್ಯ ಸದಸ್ಯರ ಗಮನಕ್ಕೆ. ಇನ್ನು ಮುಂದೆ ರೋಗಿಗಳನ್ನು ಅವರ ಜೀವನಶೈಲಿಗೆ ಅನುಗುಣವಾಗಿ, ಅಡಿಕೆಯ ಕ್ರಮದಲ್ಲಿ, ಡಬಲ್ ಚೋಲ್, ಪಟೋರ ಮತ್ತು ಕರಿಗೋಟು ಎಂದು ವಿಂಗಡಿಸಲಾಗುವುದು. ಹಳೆಯದಾದರೂ ಕೆಡದೆ ಉಳಿದ ಡಬಲ್ ಚೋಲ್ ದರ್ಜೆಯವರಿಗೆ ತಕ್ಷಣ ದಾಖಲಾತಿ. ಅಲ್ಲಲ್ಲಿ ಬಿರುಕು ಬಿಟ್ಟ ಪಟೋರ ದರ್ಜೆಯವರು ಮಳೆಗಾಲ ಮುಗಿದ ಬಳಿಕ ವಿಚಾರಿಸುವುದು. ಪೂರ್ತಿ ಕರ್ರಗಾದ ಕರಿಗೋಟು ದರ್ಜೆಯವರು ಹಿಂದಿನ ಗೇಟಿನಿಂದ ಹೊರಹೋಗುವಾಗ ಅಲ್ಲಿ ಅಂಟಿಸಿರುವ ಸಲಹೆಗಳನ್ನು ಓದಿಕೊಳ್ಳುವುದು. ಸಂಘವು ಯಾರಿಗೂ ಚಿಕಿತ್ಸೆಯನ್ನು ನಿರಾಕರಿಸುವುದಿಲ್ಲ. ಸರದಿಯನ್ನು ಮಾತ್ರ ನಿಗದಿಪಡಿಸುತ್ತದೆ."

ಈ ಕೊನೆಯ ವಾಕ್ಯ ಬಹಳ ಉಪಯುಕ್ತವಾದದ್ದು. ಸಂಘದ ಆರೋಗ್ಯ ಕಾರ್ಡು ಇದ್ದವರು ಸುಳ್ಯಕ್ಕೋ ಪುತ್ತೂರಿಗೋ ಹೋಗಬೇಕಾದರೆ ಇಲ್ಲಿ ನಿರಾಕರಿಸಿದ್ದಾರೆ ಎಂಬ ಕಾಗದ ಬೇಕಿತ್ತು. ಇಲ್ಲಿ ಯಾರಿಗೂ ನಿರಾಕರಿಸದ ಕಾರಣ ಆ ಕಾಗದ ಯಾರಿಗೂ ಸಿಗುತ್ತಿರಲಿಲ್ಲ.

ಅಚ್ಚುತ ಕೆಲಸಕ್ಕೆ ಕಳ್ಳ ಬೀಳುವವನಲ್ಲ. ಮೊದಲ ದಿನವೇ ಅಡಿಕೆ ಮರದಿಂದ ಬಿದ್ದು ಕಾಲು ಮುರಿದುಕೊಂಡವನೊಬ್ಬನನ್ನು ಹೊತ್ತುಕೊಂಡು ಬಂದರು.

"ಮರ ಹತ್ತಿದ್ದು ಯಾರು?" ಎಂದು ಕೇಳಿದ ಅಚ್ಚುತ, ನಿಯಮಾವಳಿಯ ಪ್ರಕಾರ.

"ನಾನೇ. ಧನಿಗಳು ಅಡಿಕೆ ಕೊನೆ ತೆಗೀಲಿಕ್ಕೆ ಹೇಳಿದ್ರು."

"ಹೇಳಿದ್ದು ಕೊನೆ ತೆಗೀಲಿಕ್ಕೆ. ಬೀಳ್ಲಿಕ್ಕೆ ಹೇಳಿದ್ರಾ?"

ಮನುಷ್ಯ ಸತ್ಯವಂತ, ಇಲ್ಲ ಎಂದ. ಪಟೋರ. ತೋಟದಲ್ಲಿ ಬರಿಗಾಲಲ್ಲಿ ನಡೆದು ಹಾವು ಕಡಿಸಿಕೊಂಡವನೂ ಪಟೋರ, ಏಕೆಂದರೆ ಚಪ್ಪಲಿ ಹಾಕದಿರುವುದು ಸ್ವಂತ ಆಯ್ಕೆ. ಮೂರು ಹೆತ್ತ ಹೆಂಗಸಿಗೆ ನಾಲ್ಕನೆಯದರ ಬೇನೆ ಬಂದಾಗ ಮಂಡಳಿ ತುರ್ತು ಸಭೆ ಸೇರಿ, ಇದು ಜೀವನಶೈಲಿಯೇ ಹೌದು ಎಂದು ನಿರ್ಧರಿಸುವಷ್ಟರಲ್ಲಿ ಮಗು ವರಾಂಡದಲ್ಲೇ ಹುಟ್ಟಿ ಸಮಸ್ಯೆ ಪರಿಹಾರವಾಯಿತು.

ಇನ್ನೊಂದು ಕಡೆ, ಸಂಬಂಧಿಕರನ್ನು ನೋಡಿಹೋಗಲು ಬಂದಿದ್ದ ನಿವೃತ್ತ ಹೆಡ್‌ಮಾಸ್ಟರೊಬ್ಬರ ನಾಲಗೆ, ಉಗುರು, ಕಣ್ಣು ನೋಡಿ ಅಚ್ಚುತನಿಗೆ ಕಣ್ಣು ತುಂಬಿ ಬಂತು. ಎಂಬತ್ತು ದಾಟಿದೆ, ಒಂದು ಕಲೆ ಇಲ್ಲ. ಅಪ್ಪಟ ಡಬಲ್ ಚೋಲ್. ಅವರು ಬೇಡ ಬೇಡ ಎಂದರೂ ಕೇಳದೆ ಸ್ಪೆಷಲ್ ವಾರ್ಡಿಗೆ ದಾಖಲು ಮಾಡಲಾಯಿತು. ಒಳ್ಳೆಯ ಮಾಲನ್ನು ಅವಸರದಲ್ಲಿ ಹೊರಗೆ ಬಿಡುವ ಪದ್ಧತಿ ವ್ಯಾಪಾರದಲ್ಲಿಲ್ಲ, ದಾಸ್ತಾನು ಇಡುತ್ತಾರೆ. ಹೀಗೆ ಸ್ವಲ್ಪ ಸಮಯದಲ್ಲಿ ಮಂಚಗಳೆಲ್ಲ ಆರೋಗ್ಯವಂತರಿಂದ ತುಂಬಿದವು. ಅವರು ಬೆಳಿಗ್ಗೆ ಯೋಗ ಮಾಡಿ, ಮಧ್ಯಾಹ್ನ ಹುರುಳಿ ಸಾರು ಉಂಡು, ಸಂಜೆ ರಾಜಕೀಯ ಮಾತಾಡಿ ಮಲಗುತ್ತಿದ್ದರು. ಒಬ್ಬರೂ ಸಾಯಲಿಲ್ಲ. ಕಡಬದಿಂದ ಸುಳ್ಯದವರೆಗೆ ಆಸ್ಪತ್ರೆಯ ಹೆಸರು ಹಬ್ಬಿತು.

ಅಷ್ಟರಲ್ಲಿ ಅಚ್ಚುತನ ಹೆಂಡತಿ ದುಗ್ಗಮ್ಮನ ಬಾಯಿ ಹುಣ್ಣು ದೊಡ್ಡದಾಗಿತ್ತು.

ಬಲಗೆನ್ನೆಯ ಒಳಗೆ, ಎಲೆಯಡಿಕೆ ಇಟ್ಟುಕೊಳ್ಳುವ ಜಾಗದಲ್ಲೇ ಅದು ಎದ್ದಿತ್ತು. ವಿಷು ಹಬ್ಬಕ್ಕೆ ಮುಂಚೆ ಬಂದದ್ದು ಮಳೆಗಾಲದ ಆಟಿ ತಿಂಗಳಾದರೂ ಮಾಗಿರಲಿಲ್ಲ. ಗಂಜಿಗೆ ಉಪ್ಪು ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಡಾಕ್ಟರ್ ಭವಿತಾ ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ, ಯಾರೂ ನೋಡದ ಹಾಗೆ ಮೊಬೈಲಿನ ಬೆಳಕು ಹಿಡಿದು ನೋಡಿ, "ತಡ ಮಾಡ್ಬೇಡಿ ಅಮ್ಮ, ಇದನ್ನು ತೆಗೀಲೇಬೇಕು. ಬಿಟ್ರೆ ಆಮೇಲೆ ನನ್ನ ಕೈಯಲ್ಲೂ ಇರುದಿಲ್ಲ" ಎಂದಿದ್ದರು.

ಆ ಅಡಿಕೆ ಬಂದದ್ದೂ ಅಚ್ಚುತನ ಜೇಬಿನಿಂದಲೇ. ಗಾರ್ಬಲಿನಲ್ಲಿ ಉಳಿದ ಒಡಕು ಚೂರುಗಳನ್ನು ಸಂಕಪ್ಪನವರು ದೀಪಾವಳಿಗೆ ಪ್ರೀತಿಯಿಂದ ಕೊಡುತ್ತಿದ್ದರು. ಅವನು ಪ್ರೀತಿಯಿಂದ ಮನೆಗೆ ತರುತ್ತಿದ್ದ. ಒಂದು ದಿನ ಧೈರ್ಯ ಮಾಡಿ ಧನಿಗಳ ಹತ್ತಿರ ಹೋದ.

"ಧನಿಗಳೇ, ಅವಳು ತಿಂದದ್ದು ನಮ್ಮ ಅಂಗಡಿಯದ್ದೇ ಅಡಿಕೆ."

"ಅದಕ್ಕೆ?"

"ಅಲ್ಲ, ತಿಂದವಳು ಕರಿಗೋಟು ಆಗುದಾದ್ರೆ, ಮಾರಿದವರು…"

ಸಂಕಪ್ಪನವರಿಗೆ ಸಿಟ್ಟು ಬರಲಿಲ್ಲ. ಅವರು ಬಹಳ ತಾಳ್ಮೆಯ ಮನುಷ್ಯ. "ನೋಡು ಅಚ್ಚುತ, ತಿನ್ನುದು ಜೀವನಶೈಲಿ. ಮಾರುದು ಜೀವನೋಪಾಯ. ಎರಡನ್ನು ಒಂದೇ ರಾಶಿಗೆ ಹಾಕಿದ್ರೆ ನೀನೆಂತ ಗಾರ್ಬಲ್ ಮಾಡುದು?"

ಅಚ್ಚುತನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಕೆಲಸ ಮಾಡಿಯೂ ಇದು ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡ.

ದುಗ್ಗಮ್ಮ ಎಲ್ಲರಂತೆ ಸಾಲಿನಲ್ಲಿ ನಿಂತು ಬಂದಳು. ಅಚ್ಚುತ ಟಾರ್ಚು ಹಾಕಿದ. ಸಾಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಅವನ ಮುಖವನ್ನೇ ನೋಡುತ್ತಿದ್ದರು. ಡಬಲ್ ಚೋಲ್ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಆದರೆ ಮೂವತ್ತು ವರ್ಷದಲ್ಲಿ ಒಂದು ಅಡಿಕೆಯನ್ನೂ ತಪ್ಪು ರಾಶಿಗೆ ಹಾಕದ ಕೈ ಅದು. ಆ ಒಂದು ಹೆಮ್ಮೆ ಬಿಟ್ಟರೆ ಅವನ ಹತ್ತಿರ ಬೇರೇನೂ ಇರಲಿಲ್ಲ.

"ಕರಿಗೋಟು" ಎಂದ.

ದುಗ್ಗಮ್ಮ ಬಾಯಿ ಮುಚ್ಚಿದಳು. "ಸರಿಯೇ ಹೇಳಿದ್ರಿ. ನಿಮ್ಮ ಲೆಕ್ಕ ತಪ್ಪುದು ಉಂಟಾ?" ಎಂದು ಸೆರಗಿನಿಂದ ಕೆನ್ನೆ ಒತ್ತಿಕೊಂಡು ಹಿಂದಿನ ಗೇಟಿಗೆ ನಡೆದಳು. ಅಚ್ಚುತನಿಗೆ ಆ ದಿನ ಊಟ ಸೇರಲಿಲ್ಲ. ತಾನು ಮಾಡಿದ್ದು ಸರಿ ಎಂಬುದೇ ಅವನನ್ನು ಹೆಚ್ಚು ಸುಡುತ್ತಿತ್ತು.

ದಾರಿ ತೋರಿಸಿದವನು ರವೂಫ್. ಪಂಜದಿಂದ ಕೊಲ್ಲಮೊಗ್ರಿಗೆ ಸರ್ವಿಸ್ ಜೀಪು ಓಡಿಸುವವನು, ಅಚ್ಚುತನ ಶಾಲೆಯ ಜೊತೆಗಾರ. ಬೀಡಿ ಇಲ್ಲ, ಎಲೆಯಡಿಕೆ ಇಲ್ಲ, ಚಹಾಕ್ಕೆ ಸಕ್ಕರೆ ಕೂಡ ಇಲ್ಲ.

"ಅಲ್ಲ ಮಾರಾಯ, ನಿಮ್ಮ ಅಂಗಡಿಯಲ್ಲಿ ದೊಡ್ಡ ಲೋಡು ಬಂದ್ರೆ ಒಂದೊಂದೇ ಅಡಿಕೆ ನೋಡ್ತೀಯಾ ನೀನು?"

"ಇಲ್ಲಪ್ಪ. ಮೂಟೆಯಿಂದ ಒಂದು ಹಿಡಿ ಸ್ಯಾಂಪಲ್ ತೆಗೆಯುದು. ಅದು ಒಳ್ಳೆದಿದ್ರೆ ಮೂಟೆ ಒಳ್ಳೆದು."

"ಮತ್ತೆಂತ? ನನ್ನ ಜೀಪು ಒಂದು ಮೂಟೆ. ನಾನು ಸ್ಯಾಂಪಲ್. ಅಕ್ಕ ಹಿಂದಿನ ಸೀಟಲ್ಲಿ ಕೂತ್ಕೊಳ್ಳಲಿ."

ಅಚ್ಚುತ ಇದನ್ನು ಮಂಡಳಿಯ ಮುಂದಿಟ್ಟ. ಸಾಲು ಬೇಗ ಕರಗುತ್ತದೆ ಎಂದು ಮಂಡಳಿಗೆ ಸಂತೋಷವಾಗಿ, ಒಂದು ವಾಹನದಲ್ಲಿ ಬಂದವರನ್ನೆಲ್ಲ ಒಂದು ಮೂಟೆಯೆಂದು ಪರಿಗಣಿಸುವ ತಿದ್ದುಪಡಿ ಕೂಡಲೇ ಜಾರಿಯಾಯಿತು. ಮರುದಿನ ರವೂಫನ ಜೀಪು ಗೇಟಿಗೆ ಬಂತು. ಅಚ್ಚುತ ಅವನ ಬಾಯಿಗೆ ಟಾರ್ಚು ಹಾಕಿದ. ನಿಷ್ಪಕ್ಷಪಾತವಾಗಿ, ಯಾವ ಅಳುಕೂ ಇಲ್ಲದೆ, "ಡಬಲ್ ಚೋಲ್" ಎಂದು ಕೂಗಿದ. ಇಡೀ ಮೂಟೆ ಪಾಸಾಯಿತು. ಹಿಂದಿನ ಸೀಟಿನಲ್ಲಿದ್ದ ದುಗ್ಗಮ್ಮನ ಹೆಸರಲ್ಲಿ ಬಾಯಿಯ ಆಪರೇಷನ್ನಿಗೆ ಮಂಜೂರಾತಿಯೂ ಸಿಕ್ಕಿತು. ಸ್ಯಾಂಪಲನ್ನು ಹೊರಗಿಟ್ಟು ಜೀಪಿನ ಬಾಗಿಲಿಗೆ ಗೋಣಿದಾರ ಕಟ್ಟಿ ಸೀಲು ಹಾಕಿದರು.

ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಪರೇಷನ್ ಥಿಯೇಟರಿನೊಳಗೆ ಡಾಕ್ಟರ್ ಭವಿತಾ ಮಂಚದ ಮೇಲೆ ರವೂಫ್ ಮಲಗಿದ್ದನ್ನು ನೋಡಿದರು.

"ದುಗ್ಗಮ್ಮ ಎಲ್ಲಿ?"

"ಜೀಪಿನಲ್ಲಿ" ಎಂದರು ಬಾಗಿಲಲ್ಲಿ ನಿಂತಿದ್ದ ಸಂಕಪ್ಪನವರು.

"ಅವರನ್ನು ಕರೀರಿ ಸರ್. ಹುಣ್ಣು ಇರುದು ಅವರಿಗೆ."

"ಅದು ಹೇಗೆ ಆಗ್ತದೆ ಡಾಕ್ಟ್ರೆ? ಗ್ರೇಡ್ ಆಗಿ ಹೊಲಿದ ಮೂಟೆ ಬಿಚ್ಚುವ ಕ್ರಮ ಇಲ್ಲ. ಬಿಚ್ಚಿದ್ರೆ ನಮ್ಮ ಗಾರ್ಬಲ್ ಮೇಲೆ ನಮಗೇ ನಂಬಿಕೆ ಇಲ್ಲ ಅಂತ ಆಗುದಿಲ್ವಾ?"

"ಇವರ ಬಾಯಲ್ಲಿ ಎಂತದೂ ಇಲ್ಲ!"

"ಮಂಜೂರಾದದ್ದು ಬಾಯಿಯಿಂದ ತೆಗೆಯುದಕ್ಕೆ. ಎಂತಾದ್ರೂ ಒಂದು ತೆಗೀರಿ. ಇಲ್ಲದಿದ್ರೆ ಇವತ್ತಿನ ಥಿಯೇಟರ್ ಹೆಡ್‌ಮಾಸ್ಟ್ರಿಗೆ ಹೋಗ್ತದೆ. ಅವರು ಕ್ಯೂನಲ್ಲಿದ್ದಾರೆ."

ಡಾಕ್ಟರ್ ಭವಿತಾ ಕೈಗವಸು ಕಳಚಿ, ಮತ್ತೆ ಹಾಕಿಕೊಂಡರು. ಹೆಡ್‌ಮಾಸ್ಟರಿಗೆ ತೆಗೆಯಲು ಹಲ್ಲೂ ಉಳಿದಿರಲಿಲ್ಲ. ಅವರದ್ದು ಬೇರೆ ಏನನ್ನು ತೆಗೆಯಬೇಕಾದೀತೋ ಯಾರಿಗೆ ಗೊತ್ತು. ರವೂಫನೇ ಅವರ ಕಷ್ಟ ನೋಡಲಾರದೆ, "ಹಿಂದಿನ ಒಂದು ದವಡೆ ಹಲ್ಲು ತೆಗೀರಿ ಮೇಡಂ. ಅಕ್ಕನ ಹೆಸರಲ್ಲಿ" ಎಂದ. ಹಲ್ಲು ಗಟ್ಟಿಯಿತ್ತು. ಬರಲು ಬಹಳ ಹೊತ್ತು ಹಿಡಿಯಿತು.

ಸ್ಯಾಂಪಲಿಗೆ ಆದ ಚಿಕಿತ್ಸೆ ಮೂಟೆಗೆಲ್ಲ ಆದಂತೆ ಎಂದು ಮಂಡಳಿ ಅಂದೇ ಸ್ಪಷ್ಟಪಡಿಸಿತು. ಗೋಣಿದಾರ ಕತ್ತರಿಸಿ ದುಗ್ಗಮ್ಮನನ್ನು ಇಳಿಸಿ, ಶಾಲು ಹೊದಿಸಿ, 'ಸಂಪೂರ್ಣ ಗುಣಮುಖ' ಎಂಬ ಕಾಗದ ಕೊಟ್ಟು ಫೋಟೋ ತೆಗೆದರು. ಅವಳ ಕಾರ್ಡಿನಲ್ಲಿ ಬಾಯಿಯ ಚಿಕಿತ್ಸೆ ಮುಗಿದಿದೆ ಎಂದು ದಾಖಲಾದ್ದರಿಂದ ಇನ್ನು ಆ ಬಾಯಿಗೆ ಕಾಯಿಲೆ ಬರಲು ನಿಯಮದಲ್ಲಿ ಅವಕಾಶವಿರಲಿಲ್ಲ. ಈ ಪದ್ಧತಿ ಜನಪ್ರಿಯವಾಗಿ, ಜೀಪುಗಳಲ್ಲಿ ಮುಂದಿನ ಸೀಟಿಗೆ ಆರೋಗ್ಯವಂತರು ಸಿಗುವುದೇ ದುಸ್ತರವಾಯಿತು. ಡಾಕ್ಟರ್ ಭವಿತಾ ಕೂಡ ಪ್ರಶ್ನೆ ಕೇಳುವುದನ್ನು ಬಿಟ್ಟರು. ಅವರಿಗೆ ಹಲ್ಲು ಕೀಳುವುದರಲ್ಲಿ ಒಳ್ಳೆಯ ಪಳಗಿಕೆಯಾಯಿತು.

ಊರವರು ರವೂಫನನ್ನು ನೋಡಲು ಎಳನೀರಿನ ಬೊಂಡ, ಬಾಳೆಹಣ್ಣು ಹಿಡಿದುಕೊಂಡು ಹೋದರು. ದುಗ್ಗಮ್ಮನೂ ಹೋದಳು. ಅವನ ಕೆನ್ನೆ ಊದಿತ್ತು. "ನನ್ನಿಂದಾಗಿ ನಿಮಗೆ ಬೇನೆ ಆಯ್ತಲ್ಲ" ಎಂದು ಅವಳು ಅತ್ತಳು. ರವೂಫ್ ಮಾತಾಡಲಾರದೆ, ನಿಮಗೆ ಗುಣ ಆಯ್ತಲ್ಲ, ಸಾಕು ಎಂದು ಕೈಸನ್ನೆ ಮಾಡಿದ. ಅವನು ಅದನ್ನು ನಿಜವಾಗಿಯೂ ನಂಬಿದ್ದ.

ಆ ರಾತ್ರಿ ಅಚ್ಚುತ ತಾನೇ ಗಂಜಿ ಬಡಿಸಿದ. ದುಗ್ಗಮ್ಮ ತಟ್ಟೆ ನೋಡುತ್ತ ಕೂತಳು.

"ಉಪ್ಪು ಹಾಕಿದ್ದೀರಾ?"

"ಹಾಕಿದ್ದೇನೆ. ಇನ್ನು ಹಾಕ್ಬಹುದಲ್ಲ."

ಅವಳು ಗೋಡೆಗೆ ಅಂಟಿಸಿದ್ದ ಕಾಗದದ ಕಡೆ ಒಮ್ಮೆ ನೋಡಿದಳು. ಒಂದು ತುತ್ತು ಬಾಯಿಗಿಟ್ಟಳು. ಮುಖ ಕಿವುಚಿಕೊಂಡಿತು, ಕತ್ತಿನ ನರ ಎದ್ದು ನಿಂತಿತು, ಕಣ್ಣಿಂದ ನೀರು ಇಳಿಯಿತು. ಅಚ್ಚುತ ಟಾರ್ಚಿಗಾಗಿ ಕೈ ಚಾಚಿದ. ಆಮೇಲೆ ಹೊಲಿದದ್ದನ್ನು ಬಿಚ್ಚುವ ಕ್ರಮ ಇಲ್ಲವೆಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡ.

"ಹೇಗುಂಟು?" ಎಂದು ಕೇಳಿದ.

ದುಗ್ಗಮ್ಮ ನುಂಗಿದಳು.

"ಗುಣ ಆಗಿದೆ" ಎಂದಳು.