ಪ್ರಯಾಣಕ್ಕೆ ಅಡ್ಡಿಯಿಲ್ಲ

ಹಾಸಿಗೆ ಸುತ್ತುವ ಹೋಲ್ಡಾಲನ್ನು ಬಿಸಿಲಿಗೆ ಹಾಕಿದ್ದೇ ತಪ್ಪಾಯಿತು.

ಬೆಳಿಗ್ಗೆ ಏಳು ಗಂಟೆಗೆ ಶೇಷಗಿರಿ ಅದನ್ನು ಕಾಂಪೌಂಡ್ ಗೋಡೆಯ ಮೇಲೆ ಹರಡಿ ಕೋಲಿನಿಂದ ಬಡಿಯುತ್ತಿದ್ದ. ಐದು ವರ್ಷದ ಧೂಳು, ಬಡಿದಷ್ಟೂ ಬರುತ್ತಿತ್ತು. ಮರುದಿನ ಸಂಜೆ ಅವನೂ ಹೆಂಡತಿ ಕೃಷ್ಣವೇಣಿಯೂ ರೈಲಿನಲ್ಲಿ ಕನ್ಯಾಕುಮಾರಿಗೆ ಹೊರಡುವವರಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು, ಆಕೆ ಇನ್ನೂ ಸಮುದ್ರ ನೋಡಿರಲಿಲ್ಲ.

ಆರ್.ಟಿ. ನಗರದ ಆ ಬೀದಿಯಲ್ಲಿ ಬೇರೆ ಯಾರಾದರೂ ಹೋಲ್ಡಾಲ್ ಬಡಿದಿದ್ದರೆ ಅದು ಧೂಳು ಕೊಡವುವುದಷ್ಟೇ ಆಗಿರುತ್ತಿತ್ತು. ಶೇಷಗಿರಿಯ ವಿಷಯ ಹಾಗಲ್ಲ. ಅವನಿಗೆ ಮನಸ್ಸು ಏರಿ ಇಳಿಯುವ ಕಾಯಿಲೆ. ಮೂರು ವರ್ಷದ ಹಿಂದೆ ಏರಿದಾಗ, ಬಾಡಿಗೆ ಮನೆಯ ಮೇಲೆ ಮಹಡಿ ಕಟ್ಟಿಸುತ್ತೇನೆಂದು ಎರಡು ಲಾರಿ ಇಟ್ಟಿಗೆ ಇಳಿಸಿಕೊಂಡಿದ್ದ. ಮನೆಯ ಮಾಲೀಕರಿಗೆ ಮಹಡಿಯ ವಿಷಯ ತಿಳಿದದ್ದು ಇಟ್ಟಿಗೆ ಕಂಡ ಮೇಲೆ. ಆಮೇಲೆ ಇಳಿಯಿತು, ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಕೃಷ್ಣವೇಣಿ ಮಗುವಿಗೆ ಉಣ್ಣಿಸುವ ಹಾಗೆ ಅನ್ನ ಉಣ್ಣಿಸಿದಳು.

ಈಗ ಎರಡೂವರೆ ವರ್ಷದಿಂದ ಲಿಥಿಯಂ ಮಾತ್ರೆ, ತಿಂಗಳಿಗೊಮ್ಮೆ ಡಾಕ್ಟರು, ಆಗಾಗ ರಕ್ತಪರೀಕ್ಷೆ. ಮನಸ್ಸು ಸಮನೆಲದಲ್ಲಿ ನಡೆಯುತ್ತಿತ್ತು. ಪ್ರವಾಸವನ್ನೂ ಅವನು ಹಾಗೆಯೇ ಯೋಚಿಸಿ ಸಿದ್ಧಮಾಡಿದ್ದ. ಒಂದು ಚೀಲ ಕಳೆದರೆ ಇನ್ನೊಂದು ಇರಲೆಂದು ಮಾತ್ರೆಗಳನ್ನು ಎರಡು ಪಾಲು ಮಾಡಿದ್ದ. ಬೆವರಿದಷ್ಟೂ ನೀರು ಕುಡಿಯಬೇಕೆಂದು ಡಾಕ್ಟರು ಹೇಳಿದ್ದರಿಂದ ಎರಡು ಕೂಜ ತಂದಿದ್ದ. ತಲುಪಿದ ಮೊದಲ ದಿನ ಎಲ್ಲಿಗೂ ಹೋಗದೆ ಸುಮ್ಮನೆ ಕೂರುವುದೆಂದು ಚೀಟಿಯಲ್ಲಿ ಬರೆದಿದ್ದ. ಬೀದಿಯವರು ಏನು ಕೇಳಬಹುದು, ತಾನು ಏನು ಹೇಳಬೇಕು ಎಂಬುದನ್ನೂ ಕೆಲವು ದಿನದಿಂದ ಜೋಡಿಸಿಕೊಳ್ಳುತ್ತಿದ್ದ.

"ಏನ್ ಶೇಷಗಿರಿಯವ್ರೇ, ಬೆಳಗ್ ಬೆಳಗ್ಗೇನೇ ಇಷ್ಟು ಜೋರು?" ಪಕ್ಕದ ಮನೆಯ ನಾಗಮಣಿಯಮ್ಮ ಕೇಳಿದರು.

"ಕನ್ಯಾಕುಮಾರಿಗೆ ಹೊರಟಿದೀವಮ್ಮ," ಎಂದು ಅವನು ನಕ್ಕ.

ಆ ನಗುವಿನಲ್ಲಿ ಎರಡು ಹಲ್ಲು ಹೆಚ್ಚಾಗಿ ಕಂಡವೆಂದು ನಾಗಮಣಿಯಮ್ಮ ಆಮೇಲೆ ಎಲ್ಲರಿಗೂ ಹೇಳಿದರು. ಎಲ್ಲರಿಗಿಂತ ಮೊದಲು ಹೇಳಿದ್ದು ಎದುರುಮನೆಯ ಸೇತುರಾಮಯ್ಯನವರಿಗೆ. ಅವರು ನಿವೃತ್ತ ಹೆಡ್‌ಮಾಸ್ಟರು. ಬೀದಿಯ ಹಾಜರಿ ತೆಗೆದುಕೊಳ್ಳುವುದನ್ನು ಇನ್ನೂ ಬಿಟ್ಟಿರಲಿಲ್ಲ. ಶೇಷಗಿರಿ ಆಫೀಸಿಗೆ ಬಸ್ಸು ಹತ್ತಿದ್ದನ್ನು ನೋಡಿಕೊಂಡು, ಫೋನಿದ್ದ ಖಾದರ್ ಬಾಷಾನ ಅಂಗಡಿಗೆ ನಡೆದರು.

"ನಿನ್ನೆ ಬಂದು ಎರಡು ಸೋಪು, ಟಾರ್ಚಿಗೆ ಸೆಲ್ಲು ತಗೊಂಡ್ ಹೋದ್ರು ಮೇಷ್ಟ್ರೇ," ಎಂದ ಖಾದರ್ ಬಾಷಾ. "ತಲೆ ಕೆಟ್ಟೋರು ನೆನಪಿಟ್ಟು ಸೆಲ್ಲು ತಗೊಳ್ತಾರಾ?"

"ಅದು ಸೆಲ್ಲಿಂದಾನೇ ಶುರುವಾಗೋದು ಕಣಯ್ಯ. ಆಮೇಲೆ ಇಟ್ಟಿಗೆ," ಎಂದು ಮೇಷ್ಟರು ಗಂಭೀರವಾಗಿ ಹೇಳಿ, ಶೇಷಗಿರಿಯ ಆಫೀಸಿನ ನಂಬರು ತಿರುಗಿಸಿದರು.

ಶೇಷಗಿರಿ ಆಫೀಸು ಮುಟ್ಟುವಷ್ಟರಲ್ಲಿ ಎಲ್ಲರೂ ಹಸುಗೂಸು ಮಲಗಿದ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಸೂಪರಿಂಟೆಂಡೆಂಟ್ ಸುಬ್ರಹ್ಮಣ್ಯ ಒಳಗೆ ಕರೆದು, "ಕೂತ್ಕೊಳ್ಳಿ," ಎಂದರು. ಅವರು ಯಾರಿಗಾದರೂ ಕುರ್ಚಿ ತೋರಿಸುತ್ತಿದ್ದದ್ದು ಸಾವಿನ ಸುದ್ದಿ ಹೇಳುವಾಗ ಮಾತ್ರ. ಶೇಷಗಿರಿ ಕುರ್ಚಿಯ ತುದಿಯಲ್ಲಿ ಕೂತ.

"ಮನೇಲಿ ಎಲ್ಲಾ ಕ್ಷೇಮ ತಾನೆ? ನೀವು... ಹೇಗಿದೀರಿ?"

"ಚೆನ್ನಾಗಿದೀನಿ ಸಾರ್."

"ತುಂಬಾ ಚೆನ್ನಾಗಿದೀರಾ?"

ಶೇಷಗಿರಿಗೆ ಅರ್ಥವಾಯಿತು. ಕೋಪ ಬಂತು. ಕೋಪವೂ ಕಾಯಿಲೆಯ ಲಕ್ಷಣವೆಂದು ನುಂಗಿಕೊಂಡ. ನುಂಗಿಕೊಂಡು ಸುಮ್ಮನಾದ. ಸುಮ್ಮನಿರುವುದು ಮನಸ್ಸು ಇಳಿದಾಗಿನ ಲಕ್ಷಣವೆಂದು ನೆನಪಾಗಿ, ಸ್ವಲ್ಪ ಮುಗುಳ್ನಕ್ಕ. ಸುಬ್ರಹ್ಮಣ್ಯ ಅವನ ಹಲ್ಲನ್ನೇ ನೋಡುತ್ತಿದ್ದರು.

"ನಿಮ್ ರಜಾ ಅರ್ಜಿ ಇನ್ನೂ ನನ್ ಟೇಬಲ್ ಮೇಲೇ ಇದೆ," ಎಂದರು. "ಡಾಕ್ಟ್ರ ಹತ್ರ ಒಂದು ಚೀಟಿ ಬರೆಸ್ಕೊಂಡ್ ಬಂದ್ಬಿಡಿ. ನನ್ ಸಮಾಧಾನಕ್ಕೆ."

ಡಾಕ್ಟರ ಕ್ಲಿನಿಕ್ಕು ಇದ್ದದ್ದು ಯಶವಂತಪುರದಲ್ಲಿ. ಎರಡು ಬಸ್ಸು ಬದಲಾಯಿಸಿ ಹೋಗಿ, ಒಂದೂವರೆ ಗಂಟೆ ಬೆಂಚಿನ ಮೇಲೆ ಕಾದ. ಡಾಕ್ಟರು ಹಿಂದಿನ ವಾರದ ರಕ್ತಪರೀಕ್ಷೆಯ ವರದಿ ನೋಡಿ ತಲೆಯಾಡಿಸಿದರು.

"ಕೋಪ?"

"ಇವತ್ತು ಸ್ವಲ್ಪ ಬಂತು ಸಾರ್. ಕಾರಣ ಇತ್ತು."

ಡಾಕ್ಟರು ನಕ್ಕರು. "ನಿದ್ದೆ?"

"ಹತ್ತರಿಂದ ಐದು ಸಾರ್."

ಡಾಕ್ಟರು 'ಪ್ರಯಾಣಕ್ಕೆ ಅಡ್ಡಿಯಿಲ್ಲ' ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿಕೊಟ್ಟರು.

ಆಫೀಸಿಗೆ ಮರಳಿದಾಗ ಸುಬ್ರಹ್ಮಣ್ಯ ಚೀಟಿಯನ್ನು ಎರಡು ಸಲ ಓದಿ ರಜೆ ಮಂಜೂರು ಮಾಡಿದರು. ಕೈಯನ್ನೂ ಕುಲುಕಿದರು. ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೇಖ್ರಿ ಸರ್ಕಲ್ ದಾಟುವಾಗ ರಸ್ತೆಬದಿಯ ಮೇ ಫ್ಲವರ್ ಮರಗಳನ್ನು ನೋಡಿದ. ಹೂವು ಇಷ್ಟು ಕೆಂಪಾಗಿ ಎಂದೂ ಇರಲಿಲ್ಲವೆನಿಸಿತು. ದಿನವಿಡೀ ಓಡಾಡಿದ್ದರೂ ಕಾಲು ನೋಯುತ್ತಿರಲಿಲ್ಲ.

ಮನೆಗೆ ಬಂದರೆ ನಡುಮನೆಯಲ್ಲಿ ಸೇತುರಾಮಯ್ಯ, ನಾಗಮಣಿಯಮ್ಮ, ಇನ್ನೂ ನಾಲ್ಕೈದು ಜನ ಪಂಚಾಯಿತಿಗೆ ಕೂತ ಹಾಗೆ ಕೂತಿದ್ದರು. ಕೃಷ್ಣವೇಣಿ ಅಡುಗೆಮನೆಯಲ್ಲಿ ಪ್ರಯಾಣಕ್ಕೆಂದು ಪುಳಿಯೋಗರೆ ಗೊಜ್ಜು ಕುದಿಸುತ್ತಿದ್ದಳು, ಹೊರಗೆ ಬರಲಿಲ್ಲ.

ಶೇಷಗಿರಿ ಚೀಟಿಯನ್ನು ಮೇಷ್ಟರ ಕೈಗಿಟ್ಟ. ಮೇಷ್ಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಆಮೇಲೆ ಶೇಷಗಿರಿ ಮಾತಿಗೆ ತೊಡಗಿದ. ತನ್ನ ಕಾಯಿಲೆ ಎಂಥದ್ದು, ಮಾತ್ರೆ ಏನು ಮಾಡುತ್ತದೆ, ಪ್ರವಾಸಕ್ಕೆ ಹೇಗೆಲ್ಲ ಸಿದ್ಧವಾಗಿದ್ದೇನೆ ಎಂದು ಬಿಡಿಸಿ ಹೇಳಿದ. ಅಲ್ಲಿಂದ ಮಾತು ಮೂರು ಕಡಲು ಸೇರುವ ಜಾಗಕ್ಕೆ ಹರಿಯಿತು. ಸೂರ್ಯ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳುವುದನ್ನು ಅವನು ಎಷ್ಟು ಚೆನ್ನಾಗಿ ವರ್ಣಿಸಿದನೆಂದರೆ, ನಾಗಮಣಿಯಮ್ಮ ಕೂತಲ್ಲೇ ಕೈಮುಗಿದರು. ಮುಕ್ಕಾಲು ಗಂಟೆ ಯಾರೂ ಎದ್ದು ಹೋಗಲಿಲ್ಲ.

"ನಂದೇ ತಪ್ಪು ಕಣಪ್ಪ," ಎಂದರು ಮೇಷ್ಟರು. "ಇಷ್ಟು ಸ್ಪಷ್ಟವಾಗಿ ಮಾತಾಡೋರು ನಮ್ ಬೀದೀಲಿ ಇನ್ನೊಬ್ರಿಲ್ಲ."

"ನೀವೂ ಬನ್ನಿ ಮೇಷ್ಟ್ರೇ. ಎಲ್ರೂ ಬನ್ನಿ. ರೈಲ್ವೆಯವ್ರಿಗೆ ಹೇಳಿ ಒಂದು ಬೋಗಿ ಹಾಕಿಸ್ತೀನಿ."

ಎಲ್ಲರೂ ಹೊಟ್ಟೆ ತುಂಬ ನಕ್ಕರು. ಶೇಷಗಿರಿ ನಗಲಿಲ್ಲ. ಅವನು ತಮಾಷೆಗೆ ಹೇಳಿರಲಿಲ್ಲ. ಬೋಗಿಗೆ ಯಾರಿಗೆ ಅರ್ಜಿ ಕೊಡಬೇಕು, ಯಾರ ಪಕ್ಕ ಯಾರು ಕೂರಬೇಕು ಎಂಬುದೆಲ್ಲ ಆಗಲೇ ತಲೆಯಲ್ಲಿ ಓಡುತ್ತಿತ್ತು. ಆ ಓಟದ ಸದ್ದು ಅವನಿಗೆ ಪರಿಚಿತವಾಗಿತ್ತು.

ಎಲ್ಲರೂ ಹೋದ ಮೇಲೆ ಹಿತ್ತಲಿಗೆ ಹೋಗಿ ಮುಖಕ್ಕೆ ತಣ್ಣೀರು ಹಾಕಿಕೊಂಡ. ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ವೇಣಿ, ನಾವು ಹೋಗೋದು ಬೇಡ."

ಅವಳು ಗೊಜ್ಜು ತಿರುವುತ್ತಲೇ ಇದ್ದಳು.

"ಡಾಕ್ಟ್ರಿಗೆ ಸುಳ್ಳು ಹೇಳ್ದೆ. ನಿದ್ದೆ ಚೆನ್ನಾಗಿ ಬರ್ತಿದೆ ಅಂದೆ. ಮೂರು ದಿನದಿಂದ ಎರಡು ಗಂಟೆ ಮಲಗಿದ್ರೆ ಹೆಚ್ಚು. ಆಯಾಸಾನೂ ಇಲ್ಲ."

ಕೃಷ್ಣವೇಣಿ ಸ್ಟೌ ಆರಿಸಿದಳು. "ಗೊತ್ತು."

"ಗೊತ್ತಾ?"

"ಪಕ್ಕದಲ್ಲೇ ತಾನೆ ಮಲಗೋದು ನಾನು. ನೀವು ಎಷ್ಟು ಸಲ ಮಗ್ಗುಲು ಬದಲಾಯಿಸ್ತೀರಿ ಅಂತ ಎಣಿಸ್ತಾ ಇದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಸೌಟನ್ನು ತಟ್ಟೆಯ ಮೇಲಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಒಂದೇ ಒಂದ್ಸಲ ಸಮುದ್ರ ನೋಡ್ಬೇಕು ಅಂತ ಆಸೆ ಆಗಿತ್ತು ಕಣ್ರೀ. ಹೋಗ್ಬರೋವರೆಗೂ ಹೇಗೋ ತಡ್ಕೊಳ್ಳುತ್ತೆ ಅಂದ್ಕೊಂಡೆ."

ಮುಕ್ಕಾಲು ಗಂಟೆ ನಿಲ್ಲದೆ ಮಾತಾಡಿದ್ದ ಅವನ ಬಾಯಿ ಒಣಗಿಹೋಗಿತ್ತು. ಅವಳೇ ಒಂದು ಲೋಟ ನೀರು ಕೊಟ್ಟು, "ಬೆಳಗ್ಗೆ ಮೊದಲ್ನೇ ಬಸ್ಸಿಗೆ ಡಾಕ್ಟ್ರ ಹತ್ರ ಹೋಗೋಣ. ಈಗ ಬಂದು ಮಲ್ಕೊಳ್ಳಿ, ನಿದ್ದೆ ಬರ್ದಿದ್ರೂ ಪರ್ವಾಗಿಲ್ಲ," ಎಂದಳು.

ಬೆಳಿಗ್ಗೆ ಇಬ್ಬರೂ ಗೇಟು ದಾಟುವಾಗ ಸೇತುರಾಮಯ್ಯ ಬೀದಿಯಲ್ಲಿ ನಿಂತಿದ್ದರು.

"ರೈಲು ಸಂಜೆ ಅಲ್ವೇನ್ರಪ್ಪ?"

"ಹೋಗ್ತಿಲ್ಲ ಮೇಷ್ಟ್ರೇ. ನನಗೆ ಹುಷಾರಿಲ್ಲ. ಡಾಕ್ಟ್ರನ್ನ ನೋಡೋಕೆ ಹೊರಟಿದೀವಿ."

ಮೇಷ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮೆಲ್ಲನೆಯ ಮಾತು.

"ಹುಷಾರಿಲ್ವೇ? ಡಾಕ್ಟ್ರೇ ಬರ್ಕೊಟ್ಟಿದಾರಲ್ಲ, ನಾನೇ ಕಣ್ಣಾರೆ ಓದಿದೀನಿ."

"ಆ ಚೀಟಿ ತಪ್ಪು ಮೇಷ್ಟ್ರೇ. ನಾನು ಸುಳ್ಳು ಹೇಳಿ ಬರೆಸ್ಕೊಂಡಿದ್ದು. ನಿಜವಾಗ್ಲೂ ಏರ್ತಾ ಇದೆ ನನಗೆ."

ಮೇಷ್ಟರು ಕೃಷ್ಣವೇಣಿಯನ್ನು ಕನಿಕರದಿಂದ ನೋಡಿದರು. "ಆಗ್ಲಿ, ಆಗ್ಲಿ. ಹುಷಾರಾಗಿ ಕರ್ಕೊಂಡ್ ಹೋಗಮ್ಮ," ಎಂದರು.

ಇಬ್ಬರೂ ಬಸ್‌ಸ್ಟಾಪಿನ ಕಡೆ ತಿರುಗಿದ ಮೇಲೆ ನಾಗಮಣಿಯಮ್ಮ ಪೊರಕೆ ಹಿಡಿದುಕೊಂಡೇ ಹೊರಗೆ ಬಂದರು. "ಏನಂತೆ ಮೇಷ್ಟ್ರೇ?"

"ನಿನ್ನೆ ತನಕ ಚೆನ್ನಾಗಿದ್ದ ಮನುಷ್ಯ ಕಣಮ್ಮ," ಎಂದರು ಸೇತುರಾಮಯ್ಯ, ದನಿ ತಗ್ಗಿಸಿ. "ಈಗ ನೋಡಿದ್ರೆ ಕಾಯಿಲೆ ಇದೆ ಅಂತ ಹೇಳ್ಕೊಂಡು ಓಡಾಡ್ತಿದಾರೆ. ಯಾಕೋ ಮತ್ತೆ ತಲೆ ಕೆಟ್ಟಿರೋ ಹಾಗಿದೆ."