ಸೊಂಟದ ನಾಲ್ಕು ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕ್ ಮಹಾಶಯರಿಗೆ

ಮಾನ್ಯರೇ,

ಐವತ್ತೊಂದು ವರ್ಷ ನನ್ನ ಸೊಂಟದಲ್ಲಿ ಸದ್ದಿಲ್ಲದೆ ವಾಸವಾಗಿದ್ದು, ಹೋದ ತಿಂಗಳಷ್ಟೇ ತಮ್ಮ ಇರವನ್ನು ಇಡೀ ಓಣಿಗೆ ಕೇಳುವಂತೆ ನನ್ನ ಬಾಯಿಂದಲೇ ಸಾರಿಸಿದ ತಮಗೆ, ಇಳಕಲ್ಲಿನ ನೇಕಾರಳಾದ ಮಹಾದೇವಿಯ ಸಾಷ್ಟಾಂಗ ನಮಸ್ಕಾರಗಳು. ಬಾಗಲು ತಾವು ಬಿಡದ ಕಾರಣ ನಮಸ್ಕಾರವನ್ನು ಬರವಣಿಗೆಯಲ್ಲೇ ಸ್ವೀಕರಿಸಬೇಕು. ಹೆಚ್ಚು ಹೊತ್ತು ಕೂರಲೂ ಬಿಡದ ಕಾರಣ ಈ ಪತ್ರವನ್ನು ಅಡುಗೆಕಟ್ಟೆಯ ಮೇಲಿಟ್ಟು ನಿಂತೇ ಬರೆಯುತ್ತಿದ್ದೇನೆ.

ಗುಡೂರಿಗೆ ಕೊಟ್ಟಿರುವ ಬಸುರಿ ಮಗಳು ದಾನೇಶ್ವರಿಯ ಕುಬುಸದ ಶಾಸ್ತ್ರಕ್ಕೆಂದು ನಾನೇ ನೇಯುತ್ತಿದ್ದ ಹಸಿರು ಸೀರೆಯ ಒಡಲು ಮುಗಿದು ಸೆರಗಷ್ಟೇ ಬಾಕಿಯಿದ್ದ ದಿನ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮೇಲೆ ಬಾಗಿದ್ದ ನಾನು ಒಂದೇ ಒಂದು ಸೀನು ಸೀನಿದ್ದಕ್ಕೆ ತಾವು ಹೊರಗೆ ಬಂದಿರಿ. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಮಿಂಚು ಹರಿಸಿದ ತಮ್ಮ ಸಾಮರ್ಥ್ಯವನ್ನು ನಮ್ಮ ಓಣಿಯ ವಿದ್ಯುತ್ ಕಂಬಗಳು ನೋಡಿ ಕಲಿಯಬೇಕು.

ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟನೋವು ಹೋಗುತ್ತದೆಂಬ ನಂಬಿಕೆಯಂತೆ, ತಮ್ಮನ್ನು ಮರ್ಯಾದೆಯಿಂದ ಒಳಗೆ ಕಳಿಸಲು ಪಕ್ಕದ ಮನೆಯ ಕಾಸಿಂಬಿಯನ್ನು ಕರೆಸಿದೆ. ಹಾಗೆ ಹುಟ್ಟಿದ ತಪ್ಪಿಗೆ ಆಕೆ ನಲವತ್ತು ವರ್ಷಗಳಿಂದ ಓಣಿಯವರ ಸೊಂಟಗಳನ್ನೆಲ್ಲ ಒದೆಯುತ್ತಿದ್ದಾಳೆ. ಮೂರು ಸಲ ಒದ್ದು, ತನ್ನ ಸೊಂಟವನ್ನೇ ಹಿಡಿದುಕೊಂಡು, “ನಂದೂ ಭಾಳ ನೋಯ್ತೈತಿ ಮಾದೇವಿ, ಆದ್ರ ನನ್ನ ಒದಿಯಾಕ ಯಾರದಾರ?” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ತಮಗೆ ನಗುವೂ ಹಿಡಿಸುವುದಿಲ್ಲವೆಂದು ಆಗಲೇ ತಿಳಿಯಿತು. ಮರುದಿನ ಹೆಬ್ಬೆರಳು ಎತ್ತಿದರೆ ಏಳಲಿಲ್ಲ.

ನವನಗರದ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತಮ್ಮ ಪರಿಚಯ ಮಾಡಿಕೊಟ್ಟರು: ಎರಡು ಮೂಳೆಗಳ ನಡುವಿನ ಮೆತ್ತೆ, ಹೊರಗೆ ಗಟ್ಟಿ ಬಳೆ, ಒಳಗೆ ಮೃದುವಾದ ತಿರುಳು, ಆ ತಿರುಳು ಈಗ ಬಳೆಯನ್ನು ದಾಟಿ ಕಾಲಿಗಿಳಿಯುವ ನರವನ್ನು ಒತ್ತುತ್ತಿದೆ. “ಮೂವತ್ತು ವರ್ಷ ಬರೇ ಕುಂತು ಕೆಲಸ ಮಾಡೇನ್ರಿ, ಒಂದು ಭಾರ ಎತ್ತಿಲ್ಲ” ಎಂದೆ. “ಬಾಗಿ ಕುಂಡ್ರೂದ ದೊಡ್ಡ ಭಾರ ಐತವ್ವಾ. ಇನ್ನ ಯಾರ ಕಡಿಂದನೂ ಒದಿಸ್ಕೋಬ್ಯಾಡ” ಎಂದರು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕೊಯ್ಯದೆಯೇ ವಾಸಿಯಾಗುತ್ತದೆ, ಹಾಸಿಗೆ ಹಿಡಿಯದೆ ನಡೆದಾಡಬೇಕು, ಆದರೆ ಕಾಲು ಇನ್ನಷ್ಟು ಸೋತರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಒಂದು ಗಳಿಗೆಯೂ ತಡಮಾಡಬಾರದು ಎಂದೂ ಹೇಳಿದರು. ಮಗ್ಗದ ಕಾಲುಹಲಗೆ ತುಳಿಯುವುದು ನನ್ನ ಆ ಎಡಗಾಲೇ. ಅಂದು ನಿಜವಾಗಿ ಹೆದರಿದೆ, ಮಾನ್ಯರೇ.

ಆದ್ದರಿಂದ ನನ್ನ ವಿನಂತಿಗಳನ್ನು ಪರಿಶೀಲಿಸಬೇಕು. ಸೀನಲು ಮುಂಚಿತವಾಗಿ ಅರ್ಜಿ ಹಾಕಿಕೊಳ್ಳಲು ತಾವು ಕಚೇರಿ ವೇಳೆಯನ್ನು ಗೊತ್ತುಪಡಿಸಬೇಕು. ನಾನು ಮಗ್ಗಕ್ಕೆ ಕೂರುವ ದಿನಗಳಲ್ಲಿ ತಾವು ಬಾದಾಮಿ, ಚೊಳಚಗುಡ್ಡ ನೋಡಿಕೊಂಡು ಸಾವಕಾಶವಾಗಿ ಬರಬಹುದು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ನಾನೇ ಕಟ್ಟಿಕೊಡುತ್ತೇನೆ.

ಇಂದು, ಐದನೆಯ ವಾರದ ಬೆಳಿಗ್ಗೆ, ಹೆಬ್ಬೆರಳು ತಾನಾಗಿ ಎದ್ದಿತು. ಅದನ್ನೇ ನೋಡುತ್ತ ಅತ್ತುಬಿಟ್ಟೆ. ಮಗ್ಗ ಬಿಟ್ಟು ನಡುವೆ ಏಳುವುದು ಮೈಗಳ್ಳತನವೆಂದು ಮೂವತ್ತು ವರ್ಷ ನಂಬಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಡಾಕ್ಟರು ಹೇಳಿದಂತೆ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಅಂಗಳ ಸುತ್ತುತ್ತ, ಸಂಜೆಯೊಳಗೆ ಒಂದು ಗೇಣು ಸೆರಗು ನೇಯ್ದಿದ್ದೇನೆ. ಕುಬುಸಕ್ಕೆ ಇನ್ನೂ ಹನ್ನೆರಡು ದಿನಗಳಿವೆ. ತಾವು ಒಳಗೇ ಇದ್ದು ಆಶೀರ್ವದಿಸಿದರೆ ಸಾಕು.

ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಮಹಾದೇವಿ, ಇಳಕಲ್ಲ

ತಾ.ಕ.: ತಮ್ಮ ಕೆಳಮನೆಯ ಡಿಸ್ಕ್ ಕೂಡ ಬಹಳ ದಿನಗಳಿಂದ ತಮ್ಮಷ್ಟೇ ಹೊರಗೆ ಬಾಗಿದೆಯೆಂದು ಡಾಕ್ಟರು ಫಿಲ್ಮಿನಲ್ಲಿ ತೋರಿಸಿದರು. ಆ ಕೆಳಮನೆಯವರು ಇಂದಿನವರೆಗೆ ತುಟಿಪಿಟಕ್ಕೆಂದಿಲ್ಲ. ದೊಡ್ಡ ಮನೆತನದವರು ಇರಬೇಕು.